ಒಂದೇ ತೂಕದ ಮದ್ದು

ಏಳನೆಯ ಕಂತು

ಮೂರು ವರ್ಷದಿಂದ ನಾನು ಒಂದೇ ಒಂದು ಗುಂಡು ಹಾರಿಸಿಲ್ಲ ಎಂದು ಥೀಯಾ ಡೈರಿಯಲ್ಲಿ ಬರೆದಳು. ಬರೆದದ್ದನ್ನು ಎರಡು ಸಲ ಓದಿ, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಗೊತ್ತಾದರೆ ಅಜ್ಜ ಏನೂ ಅನ್ನುವುದಿಲ್ಲ, ನನಗೆ ಅದೇ ಭಯ.

ಟೆಲ್ಲರ್ ಕ್ರೀಕ್ ಊರಿಗೆ ಊರೇ ಲೀಲೆಂಡ್ ಹಾರ್ಟ್ಸೆಲ್‌ನ ಎಡಗಣ್ಣಿನ ಬಗ್ಗೆ ಮಾತಾಡುತ್ತಿರುವಾಗ ತಾನು ಇಂಥ ಸಣ್ಣ ಚಿಂತೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವುದಕ್ಕೆ ಅವಳಿಗೇ ನಾಚಿಕೆಯಾಯಿತು. ಹನ್ನೊಂದು ದಿನದ ಹಿಂದೆ, ಕ್ಲಬ್ಬಿನ ರೇಂಜಿನಲ್ಲಿ, ಅವಳ ಅಜ್ಜ ಹಾಲ್ವರ್ ರೋನಿಂಗ್ ತುಂಬಿಸಿದ ತೋಟಾ ಲೀಲೆಂಡನ ರೈಫಲ್ಲನ್ನು ಸೀಳಿಹಾಕಿತ್ತು. ಲೀಲೆಂಡ್ ಇನ್ನೂ ಬಿಲ್ಲಿಂಗ್ಸ್‌ನ ಆಸ್ಪತ್ರೆಯಲ್ಲಿದ್ದ. ಅವನ ದವಡೆಗೆ ತಂತಿ ಬಿಗಿದಿದ್ದರು, ದಿನದ ಹೆಚ್ಚು ಹೊತ್ತು ನಿದ್ದೆಯ ಔಷಧಿಯಲ್ಲೇ ಇರುತ್ತಿದ್ದ.

ಅಂಬುಲೆನ್ಸ್ ಬರುವ ಮೊದಲು ಅವನು ಆಡಿದ್ದು ಎರಡೇ ಮಾತು. "ತೋಟಾ ನನ್ನವೇ." ಹಾಗೆ ಹೇಳುವಾಗ ಉಳಿದ ಒಂದು ಕಣ್ಣಿನಲ್ಲಿ ಥೀಯಾಳನ್ನೇ ನೋಡಿದ್ದ.

ತೋಟಾ ಅವನವಲ್ಲ. ಪ್ರತಿ ನವೆಂಬರಿನಲ್ಲಿ ಅಜ್ಜ ಎರಡು ಪೆಟ್ಟಿಗೆ ತುಂಬಿಸುತ್ತಿದ್ದ. ಕೈ ನಡುಗುವ ಗೆಳೆಯ ಲೀಲೆಂಡನಿಗೆ ಒಂದು, ಮೊಮ್ಮಗಳಿಗೆ ಒಂದು. ಥೀಯಾಳಿಗೆ ರೈಫಲ್ಲಿನ ಸದ್ದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮೊದಲ ವರ್ಷವೇ ಲೀಲೆಂಡ್ ಅದನ್ನು ಗಮನಿಸಿ, ಏನೂ ಕೇಳದೆ ಅವಳ ಪೆಟ್ಟಿಗೆ ತೆಗೆದುಕೊಂಡು, ಇಪ್ಪತ್ತೂ ಹೊಡೆದು, ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಅವಳ ಅಂಗೈಗೆ ಸುರಿದಿದ್ದ. ಅಜ್ಜ ಅವನ್ನು ಉಜ್ಜಿ ಹೊಳಪು ಮಾಡಿ ಗಾಜಿನ ಜಾಡಿಯಲ್ಲಿ ಹಾಕಿಟ್ಟ. ಮರುವರ್ಷವೂ ಹಾಗೇ ನಡೆಯಿತು. ಈ ವರ್ಷ ಲೀಲೆಂಡ್ ತನ್ನ ಪಾಲನ್ನು ಗುರುವಾರವೇ ಹೊಡೆದು ಮುಗಿಸಿ, ಭಾನುವಾರ ಅವಳ ಇಪ್ಪತ್ತನ್ನು ತೋಟಾ ನಿಲ್ಲಿಸುವ ತನ್ನ ತೂತು ಹಲಗೆಗೆ ಜೋಡಿಸಿಕೊಂಡಿದ್ದ. ಆರನೆಯದು ಒಡೆಯಿತು.

ಎರಡೂ ಪೆಟ್ಟಿಗೆ ಅದರ ಹಿಂದಿನ ವಾರದ ಶನಿವಾರ, ಒಂದೇ ದಿನ, ಒಂದೇ ಡಬ್ಬಿಯ ಮದ್ದಿನಿಂದ ತುಂಬಿದವು. ಯಾರ ಪೆಟ್ಟಿಗೆಯಾದರೇನು, ತಪ್ಪು ಅಜ್ಜನದೇ ತಾನೆ? ಇದ್ದ ಒಂದು ದುಃಖದ ಮೇಲೆ ಇನ್ನೊಂದನ್ನು ಯಾಕೆ ಹೇರಬೇಕು? ಹನ್ನೊಂದು ದಿನದಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು ಇಷ್ಟೇ.

"ಥೀಯಾ," ಎಂದು ನೆಲಮಾಳಿಗೆಯಿಂದ ಪೊಲೀಸ್ ಡೆಪ್ಯುಟಿ ಮಾರ್ಲಿಸ್ ಕೆಟ್ನರ್ ಕರೆದಳು. "ಇಳಿದು ಬಾ ಮಗಳೇ. ನಿನ್ನ ಕಣ್ಣು ಬೇಕು."

ಡೈರಿ ಮುಚ್ಚಿ ಅವಳು ಇಳಿದಳು.

ಕೆಳಗೆ ಮೂವರಿದ್ದರು. ಅಜ್ಜ ತನ್ನ ಎತ್ತರದ ಸ್ಟೂಲಿನ ಮೇಲೆ, ತೋಟಾ ತುಂಬಿಸುವ ಬೆಂಚಿಗೆ ಬೆನ್ನು ಹಾಕಿ ಕೂತಿದ್ದ. ಆ ಬೆಂಚಿಗೆ ಆತ ಬೆನ್ನು ಹಾಕಿದ್ದನ್ನು ಥೀಯಾ ಎಂದೂ ಕಂಡಿರಲಿಲ್ಲ. ಮಾರ್ಲಿಸ್ ಹಾಲಿನ ಕ್ರೇಟನ್ನು ಬೋರಲು ಹಾಕಿ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಳು. ಕ್ಲಬ್ಬಿನ ಕಾರ್ಯದರ್ಶಿ ವರ್ನ್ ಸ್ಟೋಕಿ ಮಾತ್ರ ನಿಂತಿದ್ದ, ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ.

"ನಿಮ್ಮಜ್ಜ ಕನ್ನಡಕ ಎಲ್ಲಿಟ್ಟನೋ ಮರೆತುಬಿಟ್ಟಿದ್ದಾನೆ," ಎಂದಳು ಮಾರ್ಲಿಸ್.

"ಮರೆತಿಲ್ಲ. ಅದರ ಮೇಲೆ ಕೂತುಬಿಟ್ಟೆ," ಎಂದ ಅಜ್ಜ.

"ಕನ್ನಡಕದ ಮೇಲೆ ಕೂರೋ ಮನುಷ್ಯ ತೋಟಾ ತುಂಬಿಸ್ತಾನೆ. ನಾನು ಹೇಳ್ತಿರೋದೂ ಅದನ್ನೇ," ಎಂದ ವರ್ನ್. ಅವನ ದನಿಯಲ್ಲಿ ಕೋಪವಿರಲಿಲ್ಲ, ಹುಷಾರಿಲ್ಲದವರ ಹತ್ತಿರ ಮಾತಾಡುವ ಮೆದುತನವಿತ್ತು. "ಇದು ಶಿಕ್ಷೆ ಅಲ್ಲ ಹಾಲ್ವರ್. ನನ್ನ ಕೈತಪ್ಪಿಂದ ಮದ್ದು ಅದಲುಬದಲಾಯ್ತು ಅಂತ ಒಂದು ಸಹಿ. ಕ್ಲಬ್ಬಿನ ಫೈಲು ಮುಚ್ಚುತ್ತೆ, ಮಾರ್ಲಿಸ್ ಫೈಲೂ ಮುಚ್ಚುತ್ತೆ. ನೀವು ಆರಾಮಾಗಿ ಟೊಮೇಟೊ ಬೆಳೆಸ್ಕೊಂಡಿರಿ."

"ನವೆಂಬರಲ್ಲಿ ಟೊಮೇಟೊ," ಎಂದ ಅಜ್ಜ.

"ನನ್ನ ಫೈಲು ನಾನೇ ಮುಚ್ಕೊಳ್ತೀನಿ ವರ್ನ್," ಎಂದಳು ಮಾರ್ಲಿಸ್. "ಹೈಸ್ಕೂಲಲ್ಲೂ ನೀನು ಹೀಗೇ, ನಾನಿನ್ನೂ ಓದ್ತಿರೋವಾಗ್ಲೇ ನನ್ನ ಪುಸ್ತಕ ಮುಚ್ಚೋನು."

ಅಜ್ಜ ಆಗಲೇ ಪೆನ್ನು ಹಿಡಿದಿದ್ದ. "ವಯಸ್ಸಾಯ್ತು ಮಾರ್ಲಿಸ್. ಆಗಿರಬಹುದು. ಹೇಗಾಯ್ತು ಅಂತ ಗೊತ್ತಿಲ್ಲ, ಆದ್ರೆ ನನ್ನ ಬೆಂಚಿಂದ ಹೋಗಿದ್ದು ನನ್ನದೇ ತಾನೆ."

"ಒಂದು ಕಾಲು ಗಂಟೆ ತಡಿ." ಮಾರ್ಲಿಸ್ ರಟ್ಟಿನ ತಟ್ಟೆಯೊಂದನ್ನು ಬೆಂಚಿನ ಮೇಲಿಟ್ಟಳು. ಅದರಲ್ಲಿ ಹದಿನಾಲ್ಕು ಪುಟ್ಟ ಗಾಜಿನ ಸೀಸೆಗಳು, ಪ್ರತಿಯೊಂದಕ್ಕೂ ಒಂದು ಅಂಕಿ. "ಲೀಲೆಂಡ್ ಹೊಡೀದೆ ಉಳಿದಿದ್ದು ಹದಿನಾಲ್ಕು ತೋಟಾ. ರಾಜ್ಯದ ಲ್ಯಾಬಿನವರು ಗುಂಡು ಕಿತ್ತು ಒಳಗಿನ ಮದ್ದನ್ನ ಹೀಗೆ ಕಳಿಸಿದಾರೆ. ನೋಡು ಥೀಯಾ, ಏನು ಕಾಣುತ್ತೆ ಹೇಳು."

ಥೀಯಾ ಒಂದೊಂದನ್ನೇ ದೀಪಕ್ಕೆ ಹಿಡಿದಳು. ಒಂದನೆಯದರಲ್ಲಿ ಪೆನ್ಸಿಲ್ಲಿನ ಸೀಸ ಮುರಿದು ಹಾಕಿದಂಥ ಬೂದು ಬಣ್ಣದ ಕಡ್ಡಿಗಳು. ಎರಡನೆಯದರಲ್ಲಿ ಅದೇ. ಎಂಟರವರೆಗೂ ಅದೇ. ಅದು ಅಜ್ಜನ ರೈಫಲ್ ಮದ್ದು, ನಿಧಾನವಾಗಿ ಉರಿಯುವಂಥದು.

ಒಂಬತ್ತನೆಯದರಲ್ಲಿ ಕಡ್ಡಿಯಿರಲಿಲ್ಲ. ಗಸಗಸೆಯಂಥ ನುಣ್ಣನೆಯ ಕಾಳುಗಳು ಗಾಜಿನೊಳಗೆ ನೀರಿನ ಹಾಗೆ ವಾಲಿದವು.

ಆ ಮದ್ದು ಪಿಸ್ತೂಲಿನದು. ಕ್ಷಣದಲ್ಲಿ ಉರಿದುಹೋಗುತ್ತದೆ. ಪಿಸ್ತೂಲಿಗೆ ಚಿಟಿಕೆಯಷ್ಟು ಸಾಕು. ರೈಫಲ್ ತೋಟಾದಲ್ಲಿ ತುಂಬಿದರೆ ಉಕ್ಕೂ ತಡೆಯುವುದಿಲ್ಲ.

ಅಜ್ಜ ಕಣ್ಣು ಮುಚ್ಚಿಕೊಂಡ.

"ಆಯ್ತಲ್ಲ," ಎಂದ ವರ್ನ್. "ಆ ಶನಿವಾರ ನಾನು ಬಂದಾಗ ಕಣ್ಣಾರೆ ನೋಡಿದ್ದೆ. ಬೆಂಚಿನ ಮೇಲೆ ಎರಡು ಡಬ್ಬಿ ಇದ್ದವು. ಹೇಳೋಕೆ ಮನಸ್ಸಾಗಲಿಲ್ಲ, ಹಿರಿಯರು."

"ಆವತ್ತು ಯಾಕೆ ಬಂದಿದ್ದೆ?" ಎಂದಳು ಮಾರ್ಲಿಸ್.

"ಲೆಫ್ಸೆ ರೊಟ್ಟಿ ಕೊಡೋಕೆ. ನನ್ನ ಹೆಂಡತಿ ಮಾಡಿದ್ದಳು. ಕೇಳಿ ಇವರನ್ನ, ಬೆಣ್ಣೆ ಸಕ್ಕರೆ ಹಚ್ಚಿ ತಿಂದ್ರು."

ಎರಡು ಡಬ್ಬಿ ಎಂಬ ಮಾತನ್ನು ಥೀಯಾ ಮನಸ್ಸಿನಲ್ಲೇ ತಿರುಗಿಸಿ ನೋಡಿದಳು. ಈ ಬೆಂಚಿನ ಮೇಲೆ ಎರಡು ಡಬ್ಬಿ ಒಟ್ಟಿಗೆ ಕೂರುವುದೇ ಇಲ್ಲ. ಅಜ್ಜನ ಕ್ರಮದಲ್ಲಿ ಮೊದಲು ಬೆಂಚು ಖಾಲಿ. ಆಮೇಲೆ ಕಪಾಟಿನಿಂದ ಒಂದೇ ಡಬ್ಬಿ, ಕಪಾಟಿಗೆ ಮತ್ತೆ ಬೀಗ. ಡಬ್ಬಿಯ ಹೆಸರು ಬರೆದ ಚೀಟಿ ಅಳತೆ ಯಂತ್ರದ ಗಾಜಿನ ಕೊಳವೆಗೆ. ಕೆಲಸ ಮುಗಿದ ಮೇಲೆ ಕೊಳವೆಯಲ್ಲಿ ಉಳಿದದ್ದು ಅದೇ ಡಬ್ಬಿಗೆ, ಕೊಳವೆಗೆ ಬ್ರಷ್ಷು, ಚೀಟಿ ಕಿತ್ತು ಒಲೆಗೆ. ಯಾವುದರದೆಂದು ಖಾತ್ರಿಯಿಲ್ಲದ ಮದ್ದು ಎಷ್ಟೇ ಇರಲಿ, ಯಾವ ಡಬ್ಬಿಗೂ ವಾಪಸು ಹೋಗುವಂತಿಲ್ಲ. ಅದು ಹಿತ್ತಲಿನ ಗಿಡಗಳಿಗೆ ಗೊಬ್ಬರ. ಫೋನು ಬಂದರೆ ಬರಲಿ, ಕಾಫಿ ಆರಿದರೆ ಆರಲಿ.

ಆದರೆ ಇದನ್ನು ಮೊಮ್ಮಗಳು ಹೇಳಿದರೆ ಯಾರು ನಂಬುತ್ತಾರೆ?

ಅವಳು ಉಳಿದ ಸೀಸೆಗಳನ್ನು ಮತ್ತೆ ದೀಪಕ್ಕೆ ಹಿಡಿದಳು. ಹದಿಮೂರರಲ್ಲಿ ಒಂದರಲ್ಲೂ ಒಂದೇ ಒಂದು ಗಸಗಸೆ ಕಾಳಿರಲಿಲ್ಲ. ಒಂಬತ್ತನೆಯದರಲ್ಲಿ ಒಂದೂ ಕಡ್ಡಿಯಿರಲಿಲ್ಲ.

ಹೇಳಬೇಕೆನಿಸಿದ್ದನ್ನು ಬಾಯಿಗಿಂತ ಮೊದಲು ಕೈಗೆ ಕೊಡುವುದು ಅವಳ ಅಭ್ಯಾಸ. ಬೆಂಚಿನ ಮೇಲಿದ್ದ ಚೀಟಿಯೊಂದರ ಮೇಲೆ ಬರೆದು ಮಾರ್ಲಿಸ್‌ಳ ಕಡೆ ಸರಿಸಿದಳು.

"ತೂಗಬಹುದಾ," ಎಂದು ಮಾರ್ಲಿಸ್ ಓದಿದಳು. "ತೂಗಮ್ಮ. ಬಾಯಲ್ಲೇ ಕೇಳಿದ್ರೂ ಹೂಂ ಅಂತಿದ್ದೆ."

ಥೀಯಾ ಮೊದಲು ಒಂದನೆಯ ಸೀಸೆಯ ಮದ್ದನ್ನು ತಕ್ಕಡಿಯ ಬಟ್ಟಲಿಗೆ ಸುರಿದು, ಅಜ್ಜನ ತೋಟಾ ಲೆಕ್ಕದ ಪುಸ್ತಕದಲ್ಲಿದ್ದ ತೂಕಕ್ಕೆ ತಕ್ಕಡಿಯನ್ನು ಹೊಂದಿಸಿದಳು. ಮುಳ್ಳು ತೂಗಾಡಿ ನಡುಗೆರೆಯ ಮೇಲೆ ನಿಂತಿತು. ಅದನ್ನು ಸೀಸೆಗೆ ವಾಪಸು ಹಾಕಿ, ಬಟ್ಟಲು ಒರೆಸಿ, ಒಂಬತ್ತನೆಯದನ್ನು ಸುರಿದಳು.

ಮುಳ್ಳು ತೂಗಾಡಿತು. ಅದೇ ಗೆರೆಯ ಮೇಲೆ ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನೋಡಿ, ತೂಕವೂ ಸರಿಯಾಗಿದೆ," ಎಂದ ವರ್ನ್. "ಯಂತ್ರ ಅದರ ಪಾಡಿಗೆ ಸರಿಯಾಗೇ ಅಳೆದಿದೆ. ಡಬ್ಬಿ ಬದಲಾಯ್ತು, ಅಷ್ಟೇ."

ಅಜ್ಜ ಕಣ್ಣು ತೆರೆದ. ಸ್ಟೂಲನ್ನು ನಿಧಾನವಾಗಿ ಬೆಂಚಿನ ಕಡೆ ತಿರುಗಿಸಿದ.

"ಇನ್ನೊಂದ್ಸಲ ಹೇಳು ವರ್ನ್."

"ಏನು?"

"ಯಂತ್ರ ಸರಿಯಾಗಿ ಅಳೆದಿದೆ ಅಂದೆಯಲ್ಲ." ಆತನ ದನಿಗೆ ಹನ್ನೊಂದು ದಿನದಿಂದ ಇಲ್ಲದ ಒಂದು ಅಂಚು ಬಂದಿತ್ತು. "ಆ ಯಂತ್ರಕ್ಕೆ ತೂಕ ಅಂದ್ರೆ ಏನೂಂತ್ಲೇ ಗೊತ್ತಿಲ್ಲ ಕಣಯ್ಯ. ಅದಕ್ಕೆ ಗೊತ್ತಿರೋದು ಹೊಟ್ಟೆ ತುಂಬ್ತಾ ಇಲ್ವಾ ಅಂತ ಮಾತ್ರ. ಕಡ್ಡಿ ಹಾಕಿದ್ರೂ ಅದೇ ಹೊಟ್ಟೆ, ಕಾಳು ಹಾಕಿದ್ರೂ ಅದೇ ಹೊಟ್ಟೆ. ಕಡ್ಡಿ ಅಡ್ಡಾದಿಡ್ಡಿ ಬೀಳುತ್ತೆ, ಮಧ್ಯ ಮಧ್ಯ ಜಾಗ ಬಿಡುತ್ತೆ. ಕಾಳು ಒತ್ತೊತ್ತಾಗಿ ಕೂರುತ್ತೆ. ಒಂದೇ ತೂಕ ಹೇಗಯ್ಯ ಬರುತ್ತೆ?"

ಮಾರ್ಲಿಸ್ ಬೀಜ ಸುಲಿಯುವುದನ್ನು ನಿಲ್ಲಿಸಿದಳು. "ತೋರಿಸು."

"ಥೀಯಾ ತೋರಿಸ್ತಾಳೆ. ನನಗೆ ಕನ್ನಡಕ ಇಲ್ಲ."

ಅವಳು ಸೀಸೆಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ಮಾರ್ಲಿಸ್‌ಳ ಮಡಿಲಿಗೆ ಕೊಟ್ಟಳು. ಬೆಂಚು ಖಾಲಿಯಾಯಿತು. ಕೊಳವೆಯನ್ನು ಬೆಳಕಿಗೆ ಹಿಡಿದು ಖಾಲಿಯೆಂದು ನೋಡಿದಳು. ಕಪಾಟಿನಿಂದ ಪಿಸ್ತೂಲ್ ಮದ್ದಿನ ಡಬ್ಬಿ ತಂದು, ಬೀಗ ಹಾಕಿ, ಹೆಸರನ್ನು ಅಜ್ಜನಿಗೆ ಕೇಳುವಂತೆ ಓದಿ, ಕೊಳವೆಗೆ ಚೀಟಿ ಅಂಟಿಸಿದಳು.

"ಇಷ್ಟು ಹೊತ್ತಿಗೆ ನಾನು ಊಟ ಮುಗಿಸಿ ಕೈ ತೊಳೀತಿದ್ದೆ," ಎಂದಳು ಮಾರ್ಲಿಸ್.

"ಕಾಯಿ. ಕೆಲಸ ಅಂದ್ರೆ ಇದೇ. ಉಳಿದಿದ್ದು ಹಿಡಿ ತಿರುಗಿಸೋದು," ಎಂದ ಅಜ್ಜ.

ಯಂತ್ರ ಆ ಶನಿವಾರ ಹೊಂದಿಸಿದಂತೆಯೇ ಇತ್ತು. ಥೀಯಾ ಹಿಡಿ ಇಳಿಸಿದಳು. ಕಡ್ಡಿಮದ್ದಿಗೆ ಆ ಹಿಡಿ ಕರಕ್ ಎನ್ನುತ್ತಿತ್ತು, ಅಂಚಿಗೆ ಸಿಕ್ಕ ಕಡ್ಡಿ ತುಂಡಾಗುವ ಸದ್ದು ಅದು. ಈಗ ಸದ್ದೇ ಇಲ್ಲ. ಮದ್ದು ಜಾರಿ ಬಟ್ಟಲಿಗೆ ಬಿತ್ತು. ಬಟ್ಟಲನ್ನು ತಕ್ಕಡಿಗೆ ಇಟ್ಟದ್ದೇ ಮುಳ್ಳು ಮೇಲಕ್ಕೆ ಹಾರಿ ಕಂಬಿಗೆ ಬಡಿದು ಅಲ್ಲೇ ನಿಂತಿತು.

"ಹೆಚ್ಚಾಯ್ತು," ಎಂದಳು ಮಾರ್ಲಿಸ್.

"ಸಿಕ್ಕಾಪಟ್ಟೆ ಹೆಚ್ಚು. ತೋಟಾ ತಯಾರಾದ ಮೇಲೆ ತೂಗಿದ್ರೆ ಕುರುಡನಿಗೂ ಗೊತ್ತಾಗೋಷ್ಟು. ನಾನು ಪ್ರತಿ ತೋಟಾನೂ ತೂಗ್ತೀನಿ. ತುಂಬಿಸಿದ ದಿನ ಒಂದ್ಸಲ, ರೇಂಜಿಗೆ ಹೊರಡೋ ಬೆಳಿಗ್ಗೆ ಇನ್ನೊಂದ್ಸಲ."

"ಇವರು ಬ್ರೆಡ್ಡನ್ನೂ ಎರಡು ಸಲ ತೂಗ್ತಾರೆ ಅಂತ ಕ್ಲಬ್ಬಲ್ಲಿ ಎಲ್ಲರೂ ನಗ್ತಾರೆ," ಎಂದ ವರ್ನ್. ಅವನೂ ನಕ್ಕ. ಯಾರೂ ಜೊತೆ ಕೊಡಲಿಲ್ಲ. "ಸರಿ, ಯಂತ್ರ ಬಿಡಿ. ಚಮಚದಲ್ಲಿ ತೆಗೆದು ತಕ್ಕಡಿಯಲ್ಲೇ ತೂಗಿ ಹಾಕಿರಬಹುದಲ್ಲ? ತಪ್ಪು ಡಬ್ಬಿಗೆ ಚಮಚ ಹೋಯ್ತು."

ಮಾರ್ಲಿಸ್ ಮಡಿಲಿನ ತಟ್ಟೆಯಿಂದ ಒಂಬತ್ತನೆಯ ಸೀಸೆಯನ್ನು ಎತ್ತಿ ಹಿಡಿದಳು.

"ತಪ್ಪು ಡಬ್ಬಿಗೆ ಚಮಚ ಹೋದ್ರೆ, ತಪ್ಪು ಅಂತ ಗೊತ್ತಾಗೋವರೆಗೂ ಅದೇ ಡಬ್ಬಿಗೆ ಹೋಗುತ್ತೆ ವರ್ನ್. ಗೊತ್ತಾದ್ಮೇಲೆ ಹಾಲ್ವರ್ ಸುಮ್ನಿರೋನಲ್ಲ, ಇಪ್ಪತ್ತೂ ಬಿಚ್ಚಿ ಹಾಕ್ತಾನೆ. ಇಲ್ಲಿ ಒಂದು ಒಡೀತು, ಒಂದು ಈ ಸೀಸೇಲಿದೆ, ನಡುವೆ ಇರೋದೆಲ್ಲ ಚೊಕ್ಕ. ಹೋಗಿ, ಬಂದು, ಮತ್ತೆ ಹೋಗಿ, ಮತ್ತೆ ಬಂದು. ಅದು ಕೈತಪ್ಪಾ?"

ವರ್ನ್ ಟೋಪಿ ಕೈಗೆ ತೆಗೆದುಕೊಂಡ.

"ಯಾರೋ ಎರಡು ತೋಟಾನ ಬೇರೆ ಕಡೆ ತಯಾರಿ ಮಾಡಿ, ಪೆಟ್ಟಿಗೇಲಿ ಬದಲಾಯಿಸಿದಾರೆ. ಹಾಲ್ವರ್ ಯಾವಾಗ ಬೇಕಾದ್ರೂ ಮತ್ತೆ ತೂಗ್ತಾನೆ ಅಂತ ಗೊತ್ತಿದ್ದಿದ್ರಿಂದ ತೂಕ ಅಷ್ಟು ಸರಿ ಮಾಡಿದಾರೆ." ಮಾರ್ಲಿಸ್ ಕೈ ಚಾಚಿ ವರ್ನ್‌ನ ಹಾಳೆಯನ್ನು ಅಜ್ಜನ ಮುಂದಿನಿಂದ ಎತ್ತಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. "ಇದಿನ್ನು ನನ್ನ ಹತ್ರ ಇರಲಿ."

ಅಜ್ಜ ಪೆನ್ನನ್ನು ಬೆಂಚಿನ ಮೇಲಿಟ್ಟು ಅದರ ಪಕ್ಕ ಅಂಗೈ ಊರಿದ. ಥೀಯಾ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

"ಲೀಲೆಂಡನ್ನ ಯಾರು ಸಾಯಿಸ್ತಾರೆ?" ಎಂದ ಅಜ್ಜ. "ಅವನು ಇಲಿ ಹಿಡಿದ್ರೂ ಹೊಲದಾಚೆ ಬಿಟ್ಟು ಬರ್ತಾನೆ."

"ಕ್ಲೇಟನ್ ರೂಡ್," ಎಂದಳು ಮಾರ್ಲಿಸ್. "ಲೀಲೆಂಡ್ ಪಕ್ಕದ ಹೊಲದೋನು. ಬೇಸಿಗೇಲಿ ಕಾಲುವೆ ನೀರಿಗೆ ಇಬ್ಬರೂ ಸಲಿಕೆ ಎತ್ತಿದ್ರಲ್ಲ. ಬಿಡಿಸಿದೋಳೇ ನಾನು. ಪೆಟ್ಟಿಗೆ ಲೀಲೆಂಡ್ ಮನೆ ಪಡಸಾಲೇಲಿ ಐದು ದಿನ ಇತ್ತು. ನಾಯಿಗೆ ಊಟ ಹಾಕೋಕೆ ಅಂತ ಕ್ಲೇಟನ್ ಹತ್ರ ಆ ಮನೆ ಬೀಗದಕೈ ಇದೆ. ಅವನೂ ತೋಟಾ ತುಂಬಿಸ್ತಾನೆ."

"ನನಗೂ ಕ್ಲೇಟನ್ ಮೇಲೆ ಒಂದು ಕಣ್ಣಿತ್ತು," ಎಂದ ವರ್ನ್.

"ಹತ್ತು ನಿಮಿಷದ ಹಿಂದೆ ನಿನ್ನ ಎರಡು ಕಣ್ಣೂ ಹಾಲ್ವರ್ ಮೇಲಿತ್ತು." ಮಾರ್ಲಿಸ್ ಎದ್ದು ಮಂಡಿ ನೀವಿಕೊಂಡಳು. "ಇವತ್ತೇ ಅವನನ್ನ ಠಾಣೆಗೆ ಕರ್ಕೊಂಡು ಹೋಗ್ತೀನಿ. ಜಡ್ಜು ಮೂರು ಗಂಟೆವರೆಗೂ ಸಿಗ್ತಾರೆ."

ಥೀಯಾ ಕೊಳವೆಯ ಮದ್ದನ್ನು ಡಬ್ಬಿಗೆ ಸುರಿಯುತ್ತಿದ್ದಳು. ಬೆರಳುಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು: ಬ್ರಷ್ಷು, ಮುಚ್ಚಳ, ಚೀಟಿ.

ತೋಟಾ ಒಡೆದ ಆ ಪೆಟ್ಟಿಗೆ ಲೀಲೆಂಡನ ಪಡಸಾಲೆಯಲ್ಲಿ ಒಂದು ಗಳಿಗೆಯೂ ಇರಲಿಲ್ಲ. ಕ್ಲೇಟನ್ ರೂಡ್ ಈ ಮನೆಯ ಹೊಸ್ತಿಲು ದಾಟಿದವನಲ್ಲ. ನಾಲ್ಕು ಮಕ್ಕಳ ತಂದೆ ಅವನು. ಬಾಯಿ ಜೋರು, ಅಷ್ಟೇ. ಇನ್ನೆರಡು ಗಂಟೆಯಲ್ಲಿ ಅವನು ಹೆಂಡತಿಯ ಮುಂದೆಯೇ ಪೊಲೀಸ್ ಗಾಡಿ ಹತ್ತುತ್ತಾನೆ.

ಇಷ್ಟು ದಿನ ಯಾರ ಪೆಟ್ಟಿಗೆ ಎಂಬುದಕ್ಕೆ ಬೆಲೆಯಿರಲಿಲ್ಲ. ಕೈತಪ್ಪಿಗೆ ಹೆಸರು ಬೇಕಿಲ್ಲ. ಬೇಕೆಂದೇ ಮಾಡಿದವನಿಗೆ ಬೇಕು.

ಈ ಯೋಚನೆಯ ಕೊನೆಗೆ ನಿಂತಿರುವುದು ಲೀಲೆಂಡ್ ಅಲ್ಲ, ತಾನೇ ಎಂದು ತಿಳಿಯುತ್ತಲೇ ಅವಳಿಗೆ ಒಂದು ಪಟ್ಟಿ ನೆನಪಾಯಿತು. ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಮದ್ದಿನ ಕೋಣೆಯ ಪಟ್ಟಿಯನ್ನು ಟೈಪ್ ಮಾಡಿದ್ದು ತಾನೇ. ನುಣುಪುಕಾಳಿನ ಪಿಸ್ತೂಲ್ ಮದ್ದಿನ ಡಬ್ಬಿಯೊಂದು ಕಾಣೆಯಾಗಿತ್ತು. ಕೇಳಲು ಸಂಕೋಚವಾಗಿ, ಆ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಟ್ಟಿಯನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟು ಬಂದಿದ್ದಳು. ಉತ್ತರ ಬಂದಿರಲಿಲ್ಲ. ಆ ಕೋಣೆಗೆ ಹೊಸ ಬೀಗ ಬಂದಿತ್ತು.

ಅದಕ್ಕೂ ಇದಕ್ಕೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಆ ಮೇಜನ್ನು ಹತ್ತು ಜನ ಬಳಸುತ್ತಾರೆ. ಥೀಯಾ ವರ್ನ್‌ನ ಕಡೆ ನೋಡಲು ಹೋಗಲಿಲ್ಲ. ಅವಳು ನೋಡಿದ್ದು ಕಿಟಕಿಯ ಹಲಗೆಯ ಮೇಲಿದ್ದ ಜಾಡಿಯನ್ನು. ಎರಡು ನವೆಂಬರಿನ ನಲವತ್ತು ಚಿಪ್ಪುಗಳು, ಒಂದೊಂದನ್ನೂ ಅಜ್ಜ ಹಳೆಯ ಬನಿಯನ್ನಿನ ತುಂಡಿನಿಂದ ಉಜ್ಜಿದ್ದು. ನನ್ನ ಮೊಮ್ಮಗಳ ಕೈ ಬಂಡೆಯಂಥದು ಎಂದು ಆತ ಕಾಫಿ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದು. ಮಗ ತೀರಿಕೊಂಡ ಮೇಲೆ ಆತ ಹಾಗೆ ಹೇಳಿಕೊಂಡದ್ದು ಅದೊಂದೇ.

ಮಾರ್ಲಿಸ್ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ವರ್ನ್ ಅವಳ ಹಿಂದೆಯೇ ಇದ್ದ, ಟೋಪಿ ಕೈಯಲ್ಲಿತ್ತು.

ಥೀಯಾ ಚೀಟಿಯ ಕಟ್ಟಿನ ಕಡೆ ಕೈ ಚಾಚಿದಳು. ಬರೆದು ಕೊಡಬಹುದಿತ್ತು. ಎರಡೇ ಸಾಲು, ಮಾರ್ಲಿಸ್ ಜೇಬಿಗೆ ಹಾಕಿಕೊಳ್ಳುತ್ತಿದ್ದಳು, ಅಜ್ಜನಿಗೆ ಇವತ್ತೇ ತಿಳಿಯಬೇಕಿರಲಿಲ್ಲ. ಪೆನ್ನು ಸಿಕ್ಕಿತು. ಕೈಯಲ್ಲಿ ಹಿಡಿದುಕೊಂಡಳು. ಮತ್ತೆ ಅಜ್ಜ ಇಟ್ಟಿದ್ದಲ್ಲೇ ಇಟ್ಟಳು.

"ಮಾರ್ಲಿಸ್ ಮೇಡಂ."

ದನಿ ತನ್ನದಲ್ಲವೇನೋ ಎನ್ನುವಷ್ಟು ಗಟ್ಟಿಯಾಗಿತ್ತು. ಮೆಟ್ಟಿಲಿನ ಮೇಲಿದ್ದ ಇಬ್ಬರೂ ತಿರುಗಿದರು. ಅಜ್ಜನ ಕೈ ಇನ್ನೂ ಅವಳ ಕೈಯ ಪಕ್ಕದಲ್ಲಿತ್ತು. ಅವಳು ಮಾತಾಡಿದ್ದು ಆತನ ಮುಖ ನೋಡಿಯೇ.

"ಆ ತೋಟಾ ಲೀಲೆಂಡ್ ಅಂಕಲ್‌ದಲ್ಲ. ವಾರವಿಡೀ ಅವು ಇದೇ ಮನೇಲಿದ್ದವು, ಪೆಟ್ಟಿಗೆ ಮೇಲೆ ನನ್ನ ಹೆಸರಿತ್ತು."